ಭಾನುವಾರದ ಗಂಟೆ ಮತ್ತು ಬದಲಾದ ಕಾಲ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರ ಗುಣಗಾನ ಮಾಡುವುದು ನಮ್ಮೆಲ್ಲರ ಕರ್ತವ್ಯ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈಗಾಗಲೇ ನೆರವೇರಿಸಿದ್ದಾರೆ. ಆದ್ದರಿಂದ ಹಬ್ಬದ ದಿನ ಯಾರೂ ಎತ್ತಲು ಇಚ್ಛಿಸದ ಒಂದು ವಿಷಯವನ್ನು ತಮ್ಮ ಮುಂದಿಡುತ್ತೇನೆ. ಇಂದು ಈ ಅಂಗಳದಲ್ಲಿ ಕಾಲಿಡಲು ಸ್ಥಳವಿಲ್ಲ. ಬರುವ ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲುಗಳು ಬರಿದಾಗಿರುತ್ತವೆ. ಇದಕ್ಕೆ ಕಾರಣವೇನು?

ಇದು ಹೊಸ ವ್ಯಾಧಿಯಲ್ಲ. ಹಿಬ್ರಿಯರಿಗೆ ಬರೆದ ಪತ್ರದಲ್ಲಿಯೇ ಸಭೆ ಸೇರುವುದನ್ನು ಬಿಡಬಾರದೆಂಬ ಎಚ್ಚರಿಕೆಯಿದೆ. ಮತ್ತೊಂದು ಕಡೆ, ಕ್ರಿ.ಶ. 304ರಲ್ಲಿ ಆಫ್ರಿಕಾದ ಅಬಿತಿನೆ ಎಂಬ ಊರಿನ 49 ಮಂದಿ ಕ್ರೈಸ್ತರು, ಚಕ್ರವರ್ತಿಯ ನಿಷೇಧವಿದ್ದರೂ ಭಾನುವಾರದ ಪೂಜೆಗೆ ಕೂಡಿದ್ದಕ್ಕಾಗಿ ಸೆರೆಸಿಕ್ಕಿ ಪ್ರಾಣ ತೆತ್ತರು. ಸೋಮಾರಿತನ ಮತ್ತು ಶ್ರದ್ಧೆ, ಎರಡೂ ಧರ್ಮಸಭೆಯ ಜೊತೆಯಲ್ಲೇ ಬೆಳೆದು ಬಂದಿವೆ.

ನಮ್ಮ ನಾಡಿನ ಕಥೆಯನ್ನೇ ನೋಡೋಣ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಯೇಸುಸಭೆಯ ಲಿಯನಾರ್ಡೊ ಚಿನ್ನಮಿ ಗುರುಗಳು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡಾಗ ಗುರುಗಳ ಕೊರತೆ ತೀವ್ರವಾಯಿತು. ಆಗ ವಿಶ್ವಾಸವನ್ನು ಕಾಪಾಡಿದವರು ಊರಿನ ಉಪದೇಶಿಗಳು, ಮನೆಯಲ್ಲಿ ಜಪಸರ ಹಿಡಿದ ತಾಯಂದಿರು. ಅವರಿಗೆ ಬಲಿಪೂಜೆ ಅಪರೂಪದ ಭಾಗ್ಯವಾಗಿತ್ತು. ನಮಗೆ ಅದು ವಾರವಾರವೂ ಮನೆಯ ಬಾಗಿಲಿಗೇ ಬಂದಿದೆ. ಸುಲಭವಾಗಿ ದೊರೆತದ್ದರ ಬೆಲೆ ನಮಗೆ ತಿಳಿಯದಾಗಿದೆ.

ಆದರೆ ಎಲ್ಲವನ್ನೂ ಅಶ್ರದ್ಧೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬದುಕು ನನ್ನ ಗುರುಜೀವನದ ಅವಧಿಯಲ್ಲಿಯೇ ಬುಡಸಹಿತ ಬದಲಾಯಿತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಆರಂಭವಾಯಿತು. ನೆರೆಹೊರೆಯವರು ಸ್ನಾನ ಮಾಡಿ, ಪೆಟ್ಟಿಗೆಗೆ ಹೂವಿಟ್ಟು ಕುಳಿತು ನೋಡುತ್ತಿದ್ದರು. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ನಮ್ಮವರೂ ಆ ಮನೆಗಳಲ್ಲಿ ಕುಳಿತಿದ್ದರೆಂಬುದನ್ನು ಮರೆಯಲಾರೆ. ಭಾನುವಾರದ ಮುಂಜಾನೆಗೆ ಇನ್ನೊಬ್ಬ ಯಜಮಾನ ಬಂದದ್ದು ಅಂದು. ಆನಂತರ ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಎದ್ದವು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಗೊಂಡಿತು. ರಾಜಧಾನಿ ಹತ್ತಿರವಾಯಿತು, ನಮ್ಮ ಮಕ್ಕಳು ದೂರವಾದರು.

ರೇಷ್ಮೆಯ ಕಾಲದಲ್ಲಿಯೂ ಕೆಲಸ ಭಾನುವಾರವನ್ನು ಕೇಳುತ್ತಿರಲಿಲ್ಲ. ಹುಳು ಹಣ್ಣಾದರೆ ಆ ಗಳಿಗೆಯಲ್ಲಿಯೇ ಚಂದ್ರಿಕೆಗೆ ಬಿಡಬೇಕು. ಆದರೆ ಆಗ ಮನೆಯಲ್ಲಿ ಒಬ್ಬರು ಹುಳುವಿನ ಬಳಿ ಉಳಿದರೆ ಉಳಿದವರು ಪೂಜೆಗೆ ಬರುತ್ತಿದ್ದರು. ದುಡಿಮೆಯ ಹೊತ್ತು ಮನೆಯವರ ಕೈಯಲ್ಲಿತ್ತು. ಇಂದು ಆ ಹೊತ್ತು ಪಾಳಿಯ ಪಟ್ಟಿ ಬರೆಯುವವರ ಕೈಯಲ್ಲಿದೆ.

ಭಾಷೆಯ ಮಾತನ್ನೂ ಹೇಳಲೇಬೇಕು. ನಮ್ಮ ಅಜ್ಜ ಅಜ್ಜಿಯರಿಗೆ ಲತೀನ್ ಪೂಜೆ ಅರ್ಥವಾಗುತ್ತಿರಲಿಲ್ಲ, ಆದರೂ ಬರುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಬಲಿಪೂಜೆ ಕನ್ನಡಕ್ಕೆ ಬಂತು. ಇಂದು ಅವರ ಮರಿಮಕ್ಕಳು ಆಂಗ್ಲ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಪ್ರಾರ್ಥನೆ ಪುಸ್ತಕವನ್ನು ತಡವರಿಸುತ್ತಾರೆ. ಓದಲು ಬಾರದ ಮಗು ಹಾಡಲು ನಾಚುತ್ತದೆ. ನಾಚಿದ ಮಗು ಕಾಲಕ್ರಮೇಣ ಬಾರದೇ ಹೋಗುತ್ತದೆ.

2020ರಲ್ಲಿ ಕೋವಿಡ್ ರೋಗದ ಕಾರಣ ದೇವಾಲಯಗಳ ಬಾಗಿಲು ಮುಚ್ಚಿದಾಗ ಮೊಬೈಲ್ ಪರದೆಯಲ್ಲಿ ಪೂಜೆ ಕಂಡೆವು. ಆ ಸಂಕಟದಲ್ಲಿ ಅದು ವರವಾಯಿತು. ಬಾಗಿಲು ತೆರೆದ ಮೇಲೂ ಕೆಲವರು ಪರದೆಯ ಮುಂದೆಯೇ ಉಳಿದರು. ಪರದೆಯಲ್ಲಿ ಪೂಜೆಯನ್ನು ನೋಡಬಹುದೇ ಹೊರತು ಪರಮಪ್ರಸಾದವನ್ನು ಸ್ವೀಕರಿಸಲಾಗದು.

ಇಷ್ಟನ್ನು ಹೇಳಿದ ನಾನು ನನ್ನ ತಪ್ಪನ್ನೂ ನಿವೇದಿಸಬೇಕು. ಕೆಲವು ವರ್ಷಗಳ ಹಿಂದೆ, ಮೂರು ತಿಂಗಳಿಂದ ಪೂಜೆಗೆ ಬಾರದ ಯುವಕನೊಬ್ಬನನ್ನು ಅವನ ತಾಯಿಯ ಎದುರಿಗೇ ಗದರಿಸಿದೆ. ಆತ ತಲೆ ತಗ್ಗಿಸಿ ನಿಂತನು, ಮರುಮಾತಾಡಲಿಲ್ಲ. ಮರುದಿನ ಆ ತಾಯಿ ಬಂದು ಹೇಳಿದರು: “ಸ್ವಾಮಿ, ಮಗ ಶನಿವಾರ ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿಳಿಯುತ್ತಾನೆ. ಅಷ್ಟರಲ್ಲಿ ತಮ್ಮ ಪೂಜೆ ಮುಗಿದಿರುತ್ತದೆ. ದೇವಾಲಯದ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡು ಮನೆಗೆ ಬರುತ್ತಾನೆ. ಬಾಗಿಲಿಗೆ ಬೀಗ ಹಾಕಿರುತ್ತದೆ.”

ಆ ಬೀಗದ ಕೈ ನನ್ನ ಬಳಿಯಲ್ಲಿತ್ತು.

ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಕಟ್ಟಳೆಯನ್ನು ಪೂರೈಸುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಗುರುಮಠದಲ್ಲಿ ಕಲಿತ ನನಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ನನ್ನ ಅನುಕೂಲಕ್ಕೆ ಅದನ್ನು ಮರೆತಿದ್ದೆ. ಆ ವಾರದಿಂದಲೇ ಶನಿವಾರ ಸಂಜೆಯ ಪೂಜೆ ಆರಂಭಿಸಿದೆವು. ಭಾನುವಾರ ಮಧ್ಯಾಹ್ನದವರೆಗೆ ಬಾಗಿಲು ತೆರೆದಿಟ್ಟೆವು. ಆ ಯುವಕ ಈಗ ಪಾಳಿಗೆ ಹೋಗುವ ಮೊದಲು ಬರುತ್ತಾನೆ. ಎಲ್ಲ ಶನಿವಾರಗಳಲ್ಲೂ ಬರುತ್ತಾನೆಂದು ಹೇಳಿದರೆ ಸುಳ್ಳಾದೀತು.

ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ನೂರು ವರ್ಷ ದಾಟಿದ ‘ಮಹಿಮೆ’ ಎಂಬ ಯೇಸುವಿನ ಪಾಡುಗಳ ನಾಟಕಕ್ಕೆ ಇಂದಿಗೂ ಜನಸಾಗರ ಸೇರುತ್ತದೆ. ಅಲ್ಲಿ ಊರವರೇ ಪಾತ್ರಧಾರಿಗಳು, ಪ್ರತಿಯೊಬ್ಬರಿಗೂ ಒಂದು ಕೆಲಸ. ಇದರಿಂದ ನಾನು ಕಲಿತ ಪಾಠ ಒಂದೇ: ತನ್ನಿಂದ ಏನೋ ಆಗಬೇಕಾಗಿದೆ ಎಂದು ತಿಳಿದವನು ಬರುತ್ತಾನೆ. ತಾನು ಬಾರದಿದ್ದರೆ ಯಾರೂ ಗಮನಿಸುವುದಿಲ್ಲ ಎಂದು ತಿಳಿದವನು ಉಳಿದುಬಿಡುತ್ತಾನೆ.

ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ಕಲ್ಲಿನ ಫಲಕದ ಜೊತೆಗೆ ಮೂರು ಕೆಲಸ ಕೈಗೊಳ್ಳೋಣ. ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಅರ್ಧ ಗಂಟೆ ಕನ್ನಡ ಪ್ರಾರ್ಥನೆ ಪುಸ್ತಕವನ್ನು ಓದಿಸೋಣ. ವಾಚನ, ಗಾಯನ, ಗಂಟೆ ಬಾರಿಸುವ ಕೆಲಸಗಳನ್ನು ಮನೆಮನೆಗೂ ಹಂಚೋಣ. ಬಾರದವರ ಮನೆಗೆ ಮೊದಲು ನಾನು ಹೋಗುತ್ತೇನೆ, ಜೊತೆಗೆ ತಮ್ಮಲ್ಲಿ ಒಬ್ಬರು ಬನ್ನಿ. ಗದರಿಸಲು ಬೇಡ, ‘ನೀವಿಲ್ಲದೆ ನಿಮ್ಮ ಸ್ಥಳ ಬರಿದಾಗಿದೆ’ ಎಂದು ಹೇಳಲು.

ನೂರೊಂದನೆಯ ವರ್ಷದ ಮೊದಲ ಭಾನುವಾರ ಗಂಟೆ ಬಾರಿಸುವಾಗ ನಿಮ್ಮೆಲ್ಲರಿಗಾಗಿ ಕಾದಿರುತ್ತೇನೆ. ಪ್ರಭು ಯೇಸು ತಮ್ಮನ್ನೂ ತಮ್ಮ ಮನೆತನಗಳನ್ನೂ ಆಶೀರ್ವದಿಸಲಿ.