ಮ್ಯಾಂತ್ಸಾಲಾ: ಬಾನುಲಿ ಮಾತಿಗೆ ಕರಗಿದ ದಂಗೆ

ರೇಡಿಯೋದಲ್ಲಿ ಆಡಿದ ಮಾತು ಕೇಳಿ, ಬಂದೂಕು ಹಿಡಿದು ಹೊರಟಿದ್ದವರು ಮನೆಗೆ ಮರಳಿದ್ದುಂಟೆ? ಉಂಟು. ಅದು ನಡೆದದ್ದು 1932ರಲ್ಲಿ, ಯುರೋಪಿನ ಉತ್ತರದ ಅಂಚಿನಲ್ಲಿರುವ ಫಿನ್ಲೆಂಡಿನಲ್ಲಿ.

ಫಿನ್ಲೆಂಡ್ ರಷ್ಯಾದ ಹಿಡಿತದಿಂದ ಬಿಡಿಸಿಕೊಂಡದ್ದು 1917ರಲ್ಲಿ. ಮರುವರ್ಷವೇ ದೇಶ ಕೆಂಪು ಪಡೆ, ಬಿಳಿ ಪಡೆ ಎಂದು ಇಬ್ಭಾಗವಾಗಿ ಅಂತರ್ಯುದ್ಧಕ್ಕೆ ಬಿತ್ತು. ಸುಮಾರು 30 ಲಕ್ಷ ಜನರ ಆ ನಾಡಿನಲ್ಲಿ 37 ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರು. ಬಿಳಿಯರು ಗೆದ್ದರೂ ಕಮ್ಯುನಿಸ್ಟರ ಭಯ ಉಳಿದೇ ಹೋಯಿತು. ಆ ಭಯದಲ್ಲೇ ಬೇರು ಬಿಟ್ಟು 1929ರಲ್ಲಿ ಲಾಪುವಾ ಎಂಬ ಊರಿನಲ್ಲಿ ಒಂದು ಉಗ್ರ ಬಲಪಂಥೀಯ ಚಳವಳಿ ಹುಟ್ಟಿತು. ಅದರ ಜನ ವಿರೋಧಿಗಳನ್ನು ಕಾರಿಗೆ ತುಂಬಿ, ಬಡಿದು, ಸೋವಿಯೆತ್ ಗಡಿಯತ್ತ ಸಾಗಿಸುತ್ತಿದ್ದರು. 1930ರ ಅಕ್ಟೋಬರಿನಲ್ಲಿ ದೇಶದ ಮೊದಲ ಅಧ್ಯಕ್ಷ ಸ್ಟಾಲ್‌ಬರ್ಗ್ ಮತ್ತು ಅವರ ಪತ್ನಿಯನ್ನೇ ಅಪಹರಿಸಿದರು.

ಈ ಚಳವಳಿಯ ಒತ್ತಡಕ್ಕೆ ಮಣಿದು ಅದೇ ವರ್ಷ ಸಂಸತ್ತು ಕಮ್ಯುನಿಸ್ಟರನ್ನು ಹತ್ತಿಕ್ಕುವ ಕಾಯ್ದೆಗಳನ್ನು ಮಾಡಿತು. ಗಣರಾಜ್ಯ ರಕ್ಷಣಾ ಕಾಯ್ದೆ ಅವುಗಳಲ್ಲೊಂದು. ಕೇಳಿದ್ದು ಸಿಕ್ಕಿದ ಮೇಲೆ ಚಳವಳಿಯ ಜನ ತಣ್ಣಗಾಗಬೇಕಿತ್ತು. ಆಗಲಿಲ್ಲ, ಸೋಷಿಯಲ್ ಡೆಮಾಕ್ರಟರನ್ನೂ ಇಲ್ಲವಾಗಿಸಬೇಕೆಂದು ಹಟ ಹಿಡಿದರು.

1932ರ ಫೆಬ್ರವರಿ 27. ರಾಜಧಾನಿ ಹೆಲ್ಸಿಂಕಿಯಿಂದ ಸುಮಾರು 60 ಕಿಲೋಮೀಟರ್ ದೂರದ ಮ್ಯಾಂತ್ಸಾಲಾ ಸೀಮೆಯ ಕಾರ್ಮಿಕ ಭವನವೊಂದರಲ್ಲಿ ಸೋಷಿಯಲ್ ಡೆಮಾಕ್ರಟ್ ಸಂಸದ ಮಿಕ್ಕೊ ಎರಿಕ್ ಅವರ ಭಾಷಣವಿತ್ತು. ನಾಗರಿಕ ರಕ್ಷಣಾ ದಳ ಎಂಬ ಸ್ವಯಂಸೇವಕ ಪಡೆಯಲ್ಲಿದ್ದ, ಲಾಪುವಾ ಪರ ಒಲವಿನ ನಾನೂರರಷ್ಟು ಜನ ಬಂದೂಕು ಹಿಡಿದು ಬಂದರು, ಗುಂಡು ಹಾರಿಸಿದರು, ಸಭೆ ಮುರಿದರು. ಮರುದಿನದಿಂದ ಅಲ್ಲಿಗೆ ಇನ್ನಷ್ಟು ಜನ ಸೇರತೊಡಗಿದರು. ಸೇನಾ ಮುಖ್ಯಾಲಯದಲ್ಲಿ ಹಿಂದೆ ಉನ್ನತ ಹುದ್ದೆಯಲ್ಲಿದ್ದ ಜನರಲ್ ವಾಲೇನಿಯುಸ್ ಕೂಡ ಬಂದ. ಸರ್ಕಾರ ಇಳಿಯಬೇಕು ಎಂಬ ಬೇಡಿಕೆ ಎದ್ದಿತು. ದಳದ ಒಟ್ಟು ಬಲ ಲಕ್ಷದಷ್ಟು. ಅಷ್ಟೂ ಜನ ಕದಲಿದ್ದರೆ ಮತ್ತೊಂದು ಅಂತರ್ಯುದ್ಧ ತಪ್ಪುತ್ತಿರಲಿಲ್ಲ.

ಆಗ ಅಧ್ಯಕ್ಷರಾಗಿದ್ದವರು ಎಪ್ಪತ್ತು ವರ್ಷದ ಸ್ವಿನ್‌ಹುಫ್ವುದ್. ಅವರೂ ಬಲಪಂಥೀಯರೇ. ಹಿಂದಿನ ವರ್ಷ ಲಾಪುವಾ ಚಳವಳಿಯ ಬೆಂಬಲದಿಂದಲೇ 149ರ ಎದುರು 151 ಮತ ಪಡೆದು ಗೆದ್ದಿದ್ದರು. ಆದರೆ ಮೂಲತಃ ನ್ಯಾಯಾಧೀಶರು. ರಷ್ಯಾದ ಆಡಳಿತದ ಕಾನೂನುಬಾಹಿರ ಆಜ್ಞೆಗೆ ತಲೆಬಾಗದೆ ಸೈಬೀರಿಯಾಕ್ಕೆ ಗಡೀಪಾರಾಗಿದ್ದವರು.

ಮಾರ್ಚ್ 2ರ ಸಂಜೆ ಅವರು ರೇಡಿಯೋದಲ್ಲಿ ಮಾತಾಡಿದರು. ಬಾಳಿಡೀ ಕಾನೂನಿಗಾಗಿ ಹೋರಾಡಿದ ನಾನು ಅದನ್ನು ತುಳಿಯಲು ಬಿಡಲಾರೆ. ದಳದ ಸಾಲಿನಲ್ಲಿ ನಾನೂ ಹೆಜ್ಜೆ ಹಾಕಿದವನು. ಈಗಿನ ಗುಟ್ಟಿನ ಸಂಚು ನನ್ನ ಮೇಲೆಯೇ ಎತ್ತಿದ ಕೈ ಎಂಬುದು ಆ ಮಾತಿನ ತಿರುಳು. ಸಾಮಾನ್ಯ ಸದಸ್ಯರು ಮನೆಗೆ ಮರಳಿದರೆ ಶಿಕ್ಷೆಯಿಲ್ಲ, ಮುಂದಾಳುಗಳು ಮಾತ್ರ ಉತ್ತರ ಕೊಡಬೇಕು ಎಂದರು.

ಆ ಮಾತಿನ ಬೆನ್ನಿಗೆ ಬಲವೂ ಇತ್ತು. ಸೇನಾಧಿಪತಿ ಸಿಹ್ವೊ ರಾಜಧಾನಿಯ ರಕ್ಷಣೆಗೆ ಪಡೆಯನ್ನು ಸಜ್ಜುಗೊಳಿಸಿದ್ದರು. ಆದರೆ ಯುದ್ಧದ ಅಗತ್ಯ ಬೀಳಲಿಲ್ಲ. ತಮ್ಮವರೇ ಎಂದು ನಂಬಿದ್ದ ಹಿರಿಯರ ದನಿ ಕೇಳಿ ಜನ ಗುಂಪುಗುಂಪಾಗಿ ಮನೆಯ ಹಾದಿ ಹಿಡಿದರು. ಮಾರ್ಚ್ 6ರ ಹೊತ್ತಿಗೆ ದಂಗೆ ಮುಗಿದಿತ್ತು. ಮುಖಂಡರು ಬಂಧಿತರಾದರು. ಲಾಪುವಾ ಚಳವಳಿ ಒತ್ತಾಯಿಸಿ ಮಾಡಿಸಿದ್ದ ಗಣರಾಜ್ಯ ರಕ್ಷಣಾ ಕಾಯ್ದೆಯಡಿಯಲ್ಲೇ ಆ ಚಳವಳಿಯ ಮೇಲೆ ನಿಷೇಧ ಬಿತ್ತು. ಮುಖಂಡರಿಗಾದ ಶಿಕ್ಷೆ ಮಾತ್ರ ಹಗುರ.

ಎದುರಾಳಿ ಕಾನೂನು ಮುರಿದಾಗ ಗದರುವುದು ಸುಲಭ. ಗೆಲ್ಲಿಸಿದ ಸ್ವಂತ ಬಳಗವೇ ಮುರಿದಾಗ ಅಡ್ಡ ನಿಲ್ಲುವುದು ಕಷ್ಟ. ಆ ಕಷ್ಟದ ಕೆಲಸವನ್ನು ಸ್ವಿನ್‌ಹುಫ್ವುದ್ ಮಾಡಿದರು. ಫಿನ್ಲೆಂಡಿನ ಸಂಸತ್ತು ಉಳಿಯಿತು. ಐದು ವರ್ಷಗಳ ಬಳಿಕ, 1937ರ ಮಾರ್ಚಿನಲ್ಲಿ, ಯಾವ ಪಕ್ಷದ ಸಭೆಯ ಮೇಲೆ ಗುಂಡು ಹಾರಿತ್ತೋ ಅದೇ ಪಕ್ಷ ಮಂತ್ರಿಮಂಡಲ ಸೇರಿತು.