ರೂಪಾಯಿಗೆ ಹತ್ತು ಪೈಸೆ

ಈ ವಾರ ಮನೆಗಂದಾಯ ಕಟ್ಟಿ ಬಂದವನು ಅದೇಕೋ ರಸೀದಿಯನ್ನು ಪೂರ್ತಿ ಓದಿದೆ. ಸಾಮಾನ್ಯವಾಗಿ ಕೆಳಗಿನ ಮೊತ್ತ ನೋಡಿ, ಉಸ್ಸೆಂದು ಮಡಿಸಿ ಡಬ್ಬಿಗೆ ಹಾಕುವುದೇ ರೂಢಿ. ನಡುವೆ ಒಂದು ಸಾಲಿತ್ತು: ಗ್ರಂಥಾಲಯ ಕರ. ತಮಿಳುನಾಡಿನಲ್ಲಿ ಕಂದಾಯದ ರೂಪಾಯಿಗೆ ಹತ್ತು ಪೈಸೆ. ಗಡಿಯಾಚೆ ಕರ್ನಾಟಕದಲ್ಲಿ ಆರು.

ಪುಸ್ತಕವನ್ನು ಕೊಂಡು ಓದಬೇಕೋ, ಲೈಬ್ರರಿಯಿಂದ ತಂದು ಓದಬೇಕೋ ಎಂಬ ಜಗಳ ನಮ್ಮ ಮನೆಯಲ್ಲಿ ಹಳೆಯದು. ಕೊಳ್ಳುವವನು ದುಂದುಗಾರ, ತರುವವನು ಜಿಪುಣ. ಆ ಸಾಲು ನೋಡಿದ ಮೇಲೆ, ತರುವವನೂ ಕೊಂಡವನೇ ಅಲ್ಲವೇ ಅನ್ನಿಸಿತು. ಊರವರೆಲ್ಲ ವಂತಿಗೆ ಹಾಕಿ ಕೊಂಡ ಪುಸ್ತಕ. ಸರದಿ ಬಂದಾಗ ನಾವು ಓದುತ್ತೇವೆ, ಅಷ್ಟೆ.

ಹೀಗೆ ಕಾನೂನು ಮಾಡಿ, ಕರ ಎತ್ತಿ ಲೈಬ್ರರಿ ನಡೆಸಬೇಕೆಂದು ಪಟ್ಟುಹಿಡಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ದುಡಿಮೆಯಿದೆ. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ; 1972ರಲ್ಲಿ ಅಲ್ಲೇ ತೀರಿಕೊಂಡರು. ಆಗಿನ ಮೈಸೂರು ರಾಜ್ಯಕ್ಕೆ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು ಎನ್ನುವುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಎರಡನೆಯದು.

ನಮ್ಮ ಕಡೆ ಈ ಎರಡನೆಯದು ಸ್ವಲ್ಪ ಕುಂಟುತ್ತದೆ. ಧರ್ಮಪುರಿ ಸೀಮೆಯ ಎಷ್ಟೋ ಮನೆಗಳಲ್ಲಿ, ಸೇಲಂನ ದೇವಾಂಗ ನೇಕಾರರ ಕೇರಿಗಳಲ್ಲಿ ಮಾತು ಕನ್ನಡ, ಓದು ತಮಿಳು. ಹಾಗಾಗಿ ಲೈಬ್ರರಿಯಿಂದ ಬರುವುದು ತಮಿಳು ಕಾದಂಬರಿ. ಒಳಗೆ ಅಂಟಿಸಿದ ಚೀಟಿಯ ಮೇಲೆ ನೇರಳೆ ಮಸಿಯ ತಾರೀಖುಗಳು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಕಥಾನಾಯಕನಿಗೆ ಬೈದಿರುತ್ತಾರೆ. ಆ ಬೈಗುಳದ ಆಸೆಗೇ ನಾನು ಕೆಲವು ಪುಸ್ತಕ ತರುವುದುಂಟು. ಕನ್ನಡದ್ದು ಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು. ಗಾಂಧಿನಗರದ ಸಪ್ನಾ ಪುಸ್ತಕದಂಗಡಿಯಲ್ಲಿ ಕೊಂಡು ಹೊರಟರೆ ಹೊಸೂರು ದಾಟುವಷ್ಟರಲ್ಲಿ ಮುನ್ನುಡಿ ಮುಗಿದಿರುತ್ತದೆ.

ಹಾಗೆ ಕೊಂಡು ತಂದದ್ದು ಮಾತ್ರ ಮನೆಯಲ್ಲಿ ನಿಲ್ಲುವುದಿಲ್ಲ. ಕನ್ನಡ ಅಕ್ಷರ ಬಲ್ಲವರು ನಮ್ಮ ಬೀದಿಯಲ್ಲಿ ಬೆರಳೆಣಿಕೆ. "ಏನಪ್ಪಾ, ಹೊಸದೇನು ತಂದೆ?" ಎಂದು ಪಕ್ಕದ ಮನೆಯ ತಾತ ಬರುತ್ತಾರೆ. ಅವರಿಗೆ ಮನಸ್ಸಿನಲ್ಲೇ ಓದಿಕೊಂಡು ಗೊತ್ತಿಲ್ಲ. ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಅಕ್ಷರ ಬಾರದ ಅಜ್ಜಿಯರು ಹೂ ಕಟ್ಟುತ್ತ ಕೇಳುತ್ತಾರೆ, ನಡುನಡುವೆ "ಅವಳು ಹಂಗ್ಯಾಕೆ ಮಾಡಿದ್ಲು?" ಎಂದು ತಡೆಯುತ್ತಾರೆ. ಈ ಪುಸ್ತಕಕ್ಕೆ ತಾರೀಖಿನ ಚೀಟಿಯಿಲ್ಲ, ದಂಡವಿಲ್ಲ, ವಾಪಸು ಬರುವ ಖಾತ್ರಿಯೂ ಇಲ್ಲ. ಕೊಂಡವನು ನಾನು, ಓದಿದವರು ಬೀದಿಯವರು. ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದು.

ಆದರೂ ಕಟ್ಟಿದ ಕರ ಕರವೇ. ಅನೇಕರು ಅದನ್ನು ಕಟ್ಟಿಯೂ ಲೈಬ್ರರಿಯ ಮೆಟ್ಟಿಲು ಹತ್ತಿಲ್ಲ. ಈ ಭಾನುವಾರವೋ, ಬಿಡುವಾದ ಇನ್ನೊಂದು ದಿನವೋ ಹತ್ತಿರದ ಶಾಖೆಗೆ ಹೋಗಿ ಸದಸ್ಯರಾಗಿ. ಬರುವ ಮುನ್ನ, ನಿಮಗೆ ಬೇಕಾದ ಕನ್ನಡ ಪುಸ್ತಕದ ಹೆಸರನ್ನು ಲೇಖಕರು, ಪ್ರಕಾಶಕರ ಹೆಸರಿನ ಸಮೇತ ಒಂದು ಹಾಳೆಯಲ್ಲಿ ಬರೆದು ಗ್ರಂಥಪಾಲರ ಕೈಗೆ ಕೊಡಿ.