ಪಿಸ್ತೂಲಿನ ಗುರಿವಿದ್ಯೆಯಲ್ಲಿ ಮುನ್ನಡೆ

(ನಮ್ಮ ಊರಿನ ಗುರಿಗಾರರ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷ ನಾವು ಹಾರಿಸಿದ ಗುಂಡುಗಳ ಸಂಖ್ಯೆ ಹೆಚ್ಚಿತು, ಗಳಿಸಿದ ಅಂಕಗಳು ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ ಎಂದು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಈಗತಾನೆ ಓದಿ ಹೇಳಿದರು. ಬೆಲೆಬಾಳುವ ಪಿಸ್ತೂಲು ಇಲ್ಲದೆ ಈ ವಿದ್ಯೆ ಕೈಗೆ ಹತ್ತದು, ಆದುದರಿಂದ ಮಕ್ಕಳನ್ನು ಬಿಡಿಸುವುದೇ ಲೇಸು ಎಂದು ಕೆಲವು ಪಾಲಕರು ಆಡುತ್ತಿರುವ ಮಾತು ತಮ್ಮೆಲ್ಲರ ಕಿವಿಗೂ ಬಿದ್ದಿರಬಹುದು. ಒಂದು ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಯಿರುವ ವಿದೇಶೀ ಪಿಸ್ತೂಲನ್ನು ನಮ್ಮಂಥ ಊರಿನ ಮನೆಗಳವರು ಕೊಳ್ಳುವುದು ಸುಲಭವಲ್ಲ. ಹಾಗೆಂದು ಈ ವಿದ್ಯೆಯೇ ನಮಗೆ ಎಟುಕದೆಂದು ಕೈಚೆಲ್ಲಿ ಕೂಡಬೇಕೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಬಯಸುತ್ತೇನೆ.

ಮೊದಲು ಆಟದ ಸ್ವರೂಪವನ್ನು ನೆನೆಯೋಣ. ಏರ್ ಪಿಸ್ತೂಲಿನ ಪಂದ್ಯದಲ್ಲಿ ಗುರಿಹಲಗೆ 10 ಮೀಟರು ದೂರದಲ್ಲಿರುತ್ತದೆ. ಒಂದೇ ಕೈಯಿಂದ, ಯಾವ ಆಸರೆಯೂ ಇಲ್ಲದೆ, ನಿಂತು ಹೊಡೆಯಬೇಕು. ಗುಂಡಿನ ವ್ಯಾಸ 4.5 ಮಿಲಿಮೀಟರು, ಹತ್ತು ಅಂಕದ ವಲಯದ ವ್ಯಾಸ 11.5 ಮಿಲಿಮೀಟರು. ಗುಂಡು ಗೆರೆಯನ್ನು ಮುಟ್ಟಿದರೂ ಸಾಕು, ಮೇಲಿನ ಅಂಕವೇ ದೊರೆಯುತ್ತದೆ. ಹೀಗಾಗಿ ಗುಂಡಿನ ನಡು ಹಲಗೆಯ ಕೇಂದ್ರದಿಂದ 8 ಮಿಲಿಮೀಟರಿನೊಳಗೆ ಬಿದ್ದರೆ ಹತ್ತು. ಅಲ್ಲಿಂದಾಚೆ 8 ಮಿಲಿಮೀಟರಿಗೊಂದರಂತೆ ಅಂಕ ಇಳಿಯುತ್ತದೆ.

ಪಿಸ್ತೂಲಿನ ಕೊಳವೆಯ ತುದಿಯಲ್ಲಿ ನಿಂತ ಸಣ್ಣ ಕಂಬವೇ ಫೋರ್‌ಸೈಟು. ಹಿಂಬದಿಯ ಗಂಡಿಯೇ ಬ್ಯಾಕ್‌ಸೈಟು. ಇವೆರಡರ ನಡುವಣ ಅಂತರವನ್ನು ಸುಮಾರು 33 ಸೆಂಟಿಮೀಟರೆಂದು ಇಟ್ಟುಕೊಳ್ಳಿ. ಹತ್ತು ಮೀಟರು ಅದರ 30 ಪಟ್ಟು. ಮಣಿಕಟ್ಟು ತುಸು ಬಾಗಿ, ಗಂಡಿಯೊಳಗೆ ಕಂಬವು ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿಯಿತೆನ್ನಿ. ಹಲಗೆಯ ಮೇಲೆ ಆ ತಪ್ಪು ಸುಮಾರು 30 ಮಿಲಿಮೀಟರಾಗಿ ಬೆಳೆಯುತ್ತದೆ. ಹತ್ತರ ಗುಂಡು ಏಳಕ್ಕಿಳಿಯುತ್ತದೆ. ಅದೇ, ಸೈಟುಗಳೆರಡೂ ಸರಿಯಾಗಿ ಹೊಂದಿದ್ದು, ಇಡೀ ತೋಳೇ 5 ಮಿಲಿಮೀಟರು ಅಲುಗಿತೆನ್ನಿ. ಆಗ ಗುಂಡೂ 5 ಮಿಲಿಮೀಟರು ಮಾತ್ರ ಸರಿಯುತ್ತದೆ, ಹತ್ತು ಕೈಬಿಡುವುದಿಲ್ಲ. ಹತ್ತನೆಯ ತರಗತಿಯ ಬಾಲಕರು ಸಮರೂಪ ತ್ರಿಭುಜಗಳ ಪಾಠದಲ್ಲಿ ಕಲಿತ ಲೆಕ್ಕವೇ ಇದು.

ಈ ಲೆಕ್ಕದಿಂದ ತಿಳಿಯುವುದೇನು? ಕೈಯ ನಡುಕ ನಾವು ಭಾವಿಸಿದಷ್ಟು ದೊಡ್ಡ ವೈರಿಯಲ್ಲ. ಸೈಟುಗಳ ಹೊಂದಿಕೆ ಕೆಡುವುದೇ ನಿಜವಾದ ವೈರಿ. ದ್ರೋಣಾಚಾರ್ಯರು ಕೇಳಿದಾಗ ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವೆಂಬ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಏಕಾಗ್ರತೆಗೆ ಅದು ಉತ್ತಮ ನಿದರ್ಶನ. ಆದರೆ ಪಿಸ್ತೂಲಿನವನು ಕಣ್ಣಿಡಬೇಕಾದ ತಾಣ ಬೇರೆ. ಮನುಷ್ಯನ ಕಣ್ಣು ಹತ್ತಿರದ್ದನ್ನೂ ದೂರದ್ದನ್ನೂ ಒಮ್ಮೆಗೇ ಸ್ಪಷ್ಟವಾಗಿ ಕಾಣಲಾರದು. ಫೋರ್‌ಸೈಟಿನ ಅಂಚು ನಿಚ್ಚಳವಾಗಿ ಕಾಣಬೇಕು. ಹಲಗೆಯ ಕರಿ ವೃತ್ತ ಮಸುಕಾಗಿಯೇ ಇರಲಿ. ನನ್ನಂತೆ ನಲವತ್ತು ದಾಟಿದ ಸದಸ್ಯರು ತೋಳಳತೆಯ ದೂರ ಸ್ಪಷ್ಟವಾಗುವಂಥ ಕನ್ನಡಕವನ್ನು ವೈದ್ಯರಿಂದ ಬರೆಸಿಕೊಳ್ಳುವುದು ಒಳಿತು.

ಎರಡನೆಯದು ಬೆರಳಿನ ಶಿಸ್ತು. ಈ ಪಂದ್ಯದ ಟ್ರಿಗರು ಕನಿಷ್ಠ 500 ಗ್ರಾಂ ಭಾರವನ್ನು ತಡೆಯುವಂತಿರಬೇಕೆಂಬುದು ನಿಯಮ. ಹತ್ತರ ನೇರಕ್ಕೆ ಬಂದ ಕ್ಷಣವನ್ನು ಹಿಡಿಯಹೋಗಿ ಬೆರಳು ಜಗ್ಗಿದರೆ ಮಣಿಕಟ್ಟೂ ಅದರೊಡನೆ ಜಗ್ಗುತ್ತದೆ. ಒತ್ತಡ ಮೆಲ್ಲಮೆಲ್ಲನೆ, ನೇರವಾಗಿ ಹಿಂದಕ್ಕೆ, ಒಂದೇ ಸಮನೆ ಹೆಚ್ಚುತ್ತಿರಬೇಕು. ಎಂಟು ಹತ್ತು ಸೆಕೆಂಡುಗಳಲ್ಲಿ ಗುಂಡು ಹೊರಡದಿದ್ದರೆ ಕೈಯಿಳಿಸಿ, ಉಸಿರಾಡಿ, ಮತ್ತೆ ಎತ್ತಬೇಕು. ವಿದ್ಯುನ್ಮಾನ ಹಲಗೆಗಳ ಪಂದ್ಯದಲ್ಲಿ 60 ಗುಂಡುಗಳಿಗೆ 75 ನಿಮಿಷಗಳಿವೆ. ಅಂದರೆ ಗುಂಡಿಗೆ 75 ಸೆಕೆಂಡು. ಕೈಯಿಳಿಸಿದವನು ಸೋತವನಲ್ಲ. ಕೆಟ್ಟ ಗುಂಡೊಂದನ್ನು ಹಾರಿಸದೆ ಉಳಿಸಿಕೊಂಡ ಜಾಣನವನು.

ಇನ್ನು ಹಣದ ಮಾತು. ಮೇಲೆ ಹೇಳಿದ ಎರಡು ಗುಣಗಳನ್ನು ಬೆಳೆಸಲು ಗುಂಡೇ ಬೇಕಿಲ್ಲ. ಕ್ಲಬ್ಬಿನ ಪಿಸ್ತೂಲನ್ನು, ಗುಂಡು ತುಂಬದೆ, ತರಬೇತುದಾರರ ಎದುರಿನಲ್ಲಿ, ಬರಿಯ ಬಿಳಿ ಗೋಡೆಗೆ ಹಿಡಿದು ಅಭ್ಯಾಸ ಮಾಡಬಹುದು. ಅಲ್ಲಿ ಅಂಕದ ಆಸೆಯಿಲ್ಲ. ಟ್ರಿಗರು ಬಿಟ್ಟ ಕ್ಷಣದಲ್ಲಿ ಕಂಬ ಅಲುಗಿತೇ ಇಲ್ಲವೇ ಎಂಬುದೊಂದೇ ಕಣ್ಣಿಗೆ ಬೀಳುತ್ತದೆ. ತೋಳಿನ ಬಲಕ್ಕೆ ಒಂದು ಲೀಟರು ನೀರಿನ ಬಾಟಲಿ ಸಾಕು. ಅದರ ತೂಕ ಸುಮಾರು ಒಂದು ಕಿಲೋ, ಪಂದ್ಯದ ಪಿಸ್ತೂಲಿನ ತೂಕವೂ ಹೆಚ್ಚು ಕಡಿಮೆ ಅಷ್ಟೇ. ದಿನವೂ ಮನೆಯಂಗಳದಲ್ಲಿ ಅದನ್ನು ಭುಜದೆತ್ತರಕ್ಕೆ ಹಿಡಿದು ನಿಲ್ಲುವ ಬಾಲಕನಿಗೆ ಯಾರ ಧನಸಹಾಯವೂ ಬೇಡ.

ಕನ್ನಡ ಶಾಲೆಯ ಮಕ್ಕಳು ಹೊರಗಿನ ಪಂದ್ಯಗಳಲ್ಲಿ ಭಾಷೆಯಿಂದ ಹಿಂಜರಿಯುವರೆಂಬ ಮಾತೂ ಉಂಟು. ಪಂದ್ಯದ ನಡುವೆ ಕೇಳಿಬರುವ ಮುಖ್ಯ ಆಜ್ಞೆಗಳು ‘ಸ್ಟಾರ್ಟ್’, ‘ಸ್ಟಾಪ್’, ‘ಅನ್‌ಲೋಡ್’ ಎಂಬವು. ಈ ಮೂರು ಶಬ್ದಗಳನ್ನು ಒಂದು ಸಂಜೆಯಲ್ಲಿ ಕಲಿಸಬಹುದು. ಉಳಿದ ಮಾತೆಲ್ಲ ಹುಡುಗನು ತನ್ನೊಡನೆ ತಾನೇ ಆಡಿಕೊಳ್ಳುವಂಥದು; ಅದಕ್ಕೆ ತಾಯಿನುಡಿಯೇ ಉತ್ತಮ.

ಅಡ್ಡಿ ಬಂದರೆ ಎದೆಗುಂದಬಾರದೆಂಬುದಕ್ಕೆ ಈ ಕ್ರೀಡೆಯಲ್ಲಿಯೇ ನಿದರ್ಶನಗಳಿವೆ. ಹಂಗೆರಿಯ ಸೈನಿಕ ಕಾರೊಯ್ ಟಕಾಚ್ 1938ರಲ್ಲಿ ಕೈಬಾಂಬು ಸಿಡಿದು ಬಲಗೈಯನ್ನು ಕಳೆದುಕೊಂಡನು. ಎಡಗೈಯಲ್ಲಿ ಮೊದಲಿನಿಂದ ಕಲಿತು, 1948ರಲ್ಲಿ ಲಂಡನ್ನಿನಲ್ಲಿಯೂ 1952ರಲ್ಲಿ ಹೆಲ್ಸಿಂಕಿಯಲ್ಲಿಯೂ ಪಿಸ್ತೂಲಿನ ಒಲಿಂಪಿಕ್ ಚಿನ್ನವನ್ನು ಗೆದ್ದನು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ಗುರಿಯಾಗಿಯೂ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10 ಮೀಟರು ಏರ್ ಪಿಸ್ತೂಲಿನ ಬೆಳ್ಳಿ ಪದಕವನ್ನು ತಂದರು. 2021ರಲ್ಲಿ ಟೋಕಿಯೊದಲ್ಲಿ ಪಂದ್ಯದ ನಡುವೆಯೇ ಪಿಸ್ತೂಲು ಕೆಟ್ಟು ನಿರಾಶೆಗೊಂಡ ಮನು ಭಾಕರ್, 2024ರಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚಿನ ಪದಕಗಳನ್ನು ಪಡೆದಳು.

ಬರುವ ವರ್ಷಕ್ಕೆ ನನ್ನ ಸೂಚನೆಗಳು ಮೂರು. ಒಂದು: ಅಭ್ಯಾಸದ ಅರ್ಧ ವೇಳೆ ಗುಂಡಿಲ್ಲದೆ ನಡೆಯಲಿ, ಉಳಿದ ಪೆಲೆಟ್ಟುಗಳು ಹೊಸ ಮಕ್ಕಳಿಗಾಗಲಿ. ಎರಡು: ಪ್ರತಿಯೊಬ್ಬನೂ ಒಂದು ನೋಟುಬುಕ್ಕನ್ನು ಇಡಲಿ. ಗುಂಡು ಹೊರಟೊಡನೆ, ಹಲಗೆಯನ್ನು ನೋಡುವ ಮೊದಲು, ಅದು ಎಲ್ಲಿ ಬಿತ್ತೆಂದು ತಾನೇ ಹೇಳಿ ಬರೆದಿಡಲಿ, ಅನಂತರ ಹೋಲಿಸಲಿ. ತನ್ನ ತಪ್ಪನ್ನು ಹಲಗೆ ಹೇಳುವ ಮುನ್ನ ತಾನೇ ಕಂಡವನು ಮುಂದೆ ಬರುತ್ತಾನೆ. ಮೂರು: ಮುನ್ನಡೆಯನ್ನು ಅಳೆಯುವಾಗ ಅತ್ಯುತ್ತಮ ಗುಂಡನ್ನಲ್ಲ, ಹತ್ತು ಗುಂಡುಗಳು ಎಷ್ಟು ಒತ್ತಾಗಿ ಒಂದೆಡೆ ಬಿದ್ದಿವೆ ಎಂಬುದನ್ನು ನೋಡೋಣ. ಗುಂಪು ಒತ್ತಾಗಿದ್ದರೆ ಅದನ್ನು ನಡುವಿಗೆ ತರಲು ಸೈಟಿನ ತಿರುಪು ಸಾಕು. ಚದರಿದ ಗುಂಪನ್ನು ಕೂಡಿಸುವ ತಿರುಪು ಯಾವ ದೇಶದ ಪಿಸ್ತೂಲಿನಲ್ಲಿಯೂ ಇಲ್ಲ.

ಇವೆಲ್ಲಕ್ಕೂ ಮೊದಲು ಸುರಕ್ಷತೆ. ಕೊಳವೆ ಸದಾ ಹಲಗೆಯ ಕಡೆಗೇ ಇರಲಿ. ಹೊಡೆಯುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಹೊಡೆಯದಿರುವಾಗ ಕೊಳವೆಯಲ್ಲಿ ಬಣ್ಣದ ಎಳೆ ಇರಲಿ. ಇದನ್ನು ಮೀರಿದವನು ಎಷ್ಟೇ ಜಾಣನಾಗಿರಲಿ, ಅಂದಿನ ಅಭ್ಯಾಸ ಅವನಿಗೆ ಅಲ್ಲಿಗೇ ಮುಗಿಯಬೇಕು.

ಮಕ್ಕಳನ್ನು ಬಿಡಿಸಬೇಕೆನ್ನುವ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ: ಇನ್ನೊಂದು ವರ್ಷ ಅವರನ್ನು ಇಲ್ಲಿಗೆ ಕಳುಹಿಸಿರಿ, ವರ್ಷದ ಕೊನೆಗೆ ಆ ನೋಟುಬುಕ್ಕುಗಳನ್ನು ತೆರೆದು ನೋಡಿ, ಅನಂತರ ತೀರ್ಮಾನಿಸಿರಿ.